ಬಾಣದ ತುದಿ ಒಳಕ್ಕೆ

"ಅಲ್ಲೇ ನಿಲ್ಲಿ. ಬೆಲ್ಟ್ ಬಿಚ್ಚಿ."

ಬಾಗಿಲಲ್ಲಿ ನಿಂತಿದ್ದವನು ಕಲ್ಲಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಕಣ್ಣು ಕಣ್ಣು ಬಿಟ್ಟ. "ಏನಂದ್ರಿ?"

"ಬೆಲ್ಟ್ ರೀ... ಬಕಲ್ ಕಬ್ಬಿಣದ್ದು. ವಾಚು, ಕೀ, ಚಿಲ್ಲರೆ, ಎಲ್ಲ ಆ ಟ್ರೇಗೆ ಹಾಕಿ ಒಳಗೆ ಬನ್ನಿ."

ಅವಳನ್ನು ಜೋರಿನ ಹುಡುಗಿ ಅಂದುಕೊಳ್ಳಬೇಡಿ. ಅದು ಸೊನ್ನೆ ಕೋಣೆ. ಗೋಡೆಗಳಿಗೆ ವಿಶೇಷ ಲೋಹದ ತಗಡು ಹೊಡೆದು, ಭೂಮಿಯ ಅಯಸ್ಕಾಂತ ಶಕ್ತಿಯನ್ನೇ ಹೊರಗೆ ನಿಲ್ಲಿಸಿದ ಕೋಣೆ. ಅಲ್ಲಿಗೆ ಒಂದು ಗುಂಡುಸೂಜಿ ಬಂದರೂ ಅಳೆಯುವ ಯಂತ್ರ ಹುಚ್ಚೆದ್ದು ಕುಣಿಯುತ್ತದೆ. ಅವಳು ಆ ಕೋಣೆಯ ಸಂಶೋಧಕಿ. ಅವನು ಬೆಟ್ಟ ಅಲೆದು, ಬಂಡೆ ಕೊರೆದು ಕಲ್ಲು ತರಲು ಹೊಸದಾಗಿ ಸೇರಿದವನು.

ಅವನು ಬೆಲ್ಟ್ ಬಿಚ್ಚಿದ. ತಿಂಗಳುಗಟ್ಟಲೆ ಬೆಟ್ಟ ಹತ್ತಿ ಸೊರಗಿದ್ದ ಮೈ. ಪ್ಯಾಂಟು ಜಾರತೊಡಗಿತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಪ್ಯಾಂಟು ಹಿಡಿದುಕೊಂಡೇ ಬಹಳ ಗಂಭೀರವಾಗಿ ಕೆಲಸದ ಮಾತಿಗಿಳಿದ.

"ಮೇಡಂ, ಬಂಡೆಯಲ್ಲಿ ಯಾವ ದಿಕ್ಕಿಗಿತ್ತು ಅಂತ ಗೊತ್ತಾಗೋಕೆ ಪ್ರತಿ ಕಲ್ಲಿನ ಮೇಲೂ ಬಾಣ ಹಾಕಿದ್ದೀನಿ. ಬಾಣದ ತುದಿ ಬಂಡೆಯ ಒಳಕ್ಕೆ. ನೆನಪಿಟ್ಕೊಳ್ಳಿ."

"ಹ್ಞೂ... ಹ್ಞೂ," ಎಂದಳು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಅವಳ ಕಣ್ಣು ನಾಚಿಕೆಯಿಂದ ಕೆಂಪಾಗಿದ್ದ ಅವನ ಕಿವಿಗಳ ಮೇಲಿತ್ತು.

ಆ ಒಂದು 'ಹ್ಞೂ' ಎಷ್ಟು ದುಬಾರಿಯಾಯಿತು ಅನ್ನುವುದೇ ಈ ಕಥೆ.

ಅಂದಿನಿಂದ ಅವನಿಗೆ 'ಬೆಲ್ಟ್' ಎಂದೇ ಹೆಸರಾಯಿತು. ಅವನು ಅವಳಿಗೆ 'ಸೂಜಿ' ಎಂದು ಹೆಸರಿಟ್ಟ. ದಿಕ್ಕು ತೋರಿಸುವ ಸೂಜಿಯೂ ಹೌದು, ಚುಚ್ಚುವ ಸೂಜಿಯೂ ಹೌದಂತೆ.

"ನಿಜವಾಗ್ಲೂ ಕಲ್ಲಿಗೆ ನೆನಪಿರುತ್ತಾ ಸೂಜಿ?" ಒಂದು ಸಂಜೆ ಕ್ಯಾಂಟೀನಿನಲ್ಲಿ ಕೇಳಿದ. ಎಲ್ಲ ಗೊತ್ತಿದ್ದೂ ಅವಳ ಬಾಯಿಂದ ಕೇಳುವ ಆಸೆ.

"ಕರಗಿದ ಕಲ್ಲು ತಣ್ಣಗಾಗುವಾಗ ಭೂಮಿಯ ಉತ್ತರ ಯಾವ ಕಡೆ ಇತ್ತೋ, ಅದನ್ನ ಹಾಗೇ ಇಟ್ಕೊಂಡಿರುತ್ತೆ. ಕೋಟಿ ವರ್ಷ ಆದ್ರೂ ಮರೆಯಲ್ಲ."

"ಏನು ಮಾಡಿದ್ರೂ?"

"ಚೆನ್ನಾಗಿ ಕಾಯಿಸಿದ್ರೆ ಮರೆತುಬಿಡುತ್ತೆ."

"ಹಾಗಾದ್ರೆ ನನ್ನನ್ನ ಜಾಸ್ತಿ ಕಾಯಿಸ್ಬೇಡ," ಎಂದು ಲೋಟದೊಳಗೆ ನೋಡುತ್ತಾ ಹೇಳಿದ.

ಅವಳಿಗೆ ಅರ್ಥವಾಯಿತು. ಆದರೆ ಹೆಣ್ಣಿನ ಬಿಂಕ ನೋಡಿ... ನಾಳೆ ಹೇಳೋಣ ಅಂದುಕೊಂಡಳು. ಪ್ರಬಂಧ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡಳು.

ಪ್ರಬಂಧ ಮುಗಿಯಿತು. ಅವನು ತಂದ ನಲವತ್ತೆರಡು ಕಲ್ಲುಗಳೂ ತಲೆಕೆಳಗಾದ ದಿಕ್ಕು ತೋರಿಸಿದ್ದವು. ಅಂದರೆ, ಯಾರೂ ಊಹಿಸದ ಒಂದು ಕಾಲದಲ್ಲಿ ಭೂಮಿಯ ಒಡಲಲ್ಲಿ ಹರಿಯುವ ಕಬ್ಬಿಣ ಮಗ್ಗುಲು ಬದಲಿಸಿ, ಉತ್ತರ ದಕ್ಷಿಣಗಳು ಅದಲುಬದಲಾಗಿದ್ದವು! ಎಲ್ಲರೂ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದರು.

ಎಂಟೇ ತಿಂಗಳು. ಇನ್ನೊಂದು ಲ್ಯಾಬಿನವರು ಅದೇ ಬೆಟ್ಟದ ಕಲ್ಲು ಅಳೆದರು. ಅವರ ಕಲ್ಲುಗಳಲ್ಲಿ ಉತ್ತರ ನೆಟ್ಟಗೇ ಇತ್ತು.

ನಿರ್ದೇಶಕರು ಎಲ್ಲರನ್ನೂ ಕರೆಸಿ ಕೂರಿಸಿದರು. "ತಪ್ಪು ಎಲ್ಲಾಯ್ತು?"

ಅವಳು ತನ್ನ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟಳು. 'ಲೆಕ್ಕವನ್ನ ಮೂರು ಸಲ ನೋಡಿದ್ದೀನಲ್ಲ... ನನ್ನ ಕಡೆ ಏನೂ ತಪ್ಪಿಲ್ಲ...'

"ಬಾಣ ಹಾಕಿದ್ದು ಅವರು, ಸರ್."

ಎರಡು ವರ್ಷ 'ಅವನು, ಇವನು' ಎನ್ನುತ್ತಿದ್ದವಳು ಅವತ್ತು 'ಅವರು' ಎಂದಳು. ಆ ಒಂದು ಬಹುವಚನಕ್ಕೆ ಅವನು ಹೊರಗಿನವನಾಗಿಬಿಟ್ಟ.

ಅವನು ಜಗಳವಾಡುತ್ತಾನೆ ಅಂದುಕೊಂಡಿದ್ದಳು. ಅವನು ತನ್ನ ಕೈಯಲ್ಲಿದ್ದ ಕಲ್ಲನ್ನೂ ಅವಳು ಬರೆದ ಹಾಳೆಯನ್ನೂ ನೋಡಿದ. ಏನೋ ಹೊಳೆದವನಂತೆ ತಲೆಯೆತ್ತಿ ಅವಳ ಮುಖ ನೋಡಿದ.

"ಹೌದು ಸರ್. ಬಾಣ ನನ್ನದೇ."

ಮರುದಿನ ಅವನ ಮೇಜು ಖಾಲಿ. ಅವಳಿಗೆ ಸಿಟ್ಟು ಬಂತು. ತಪ್ಪು ಮಾಡಿದ್ದಲ್ಲದೆ ಒಂದು ಮಾತೂ ಹೇಳದೆ ಹೋದನಲ್ಲ... ಸಿಟ್ಟಿನ ಕೆಳಗೆ ಏನಿತ್ತೆಂದು ಅವಳ ದಿಂಬಿಗೆ ಮಾತ್ರ ಗೊತ್ತಿತ್ತು.

ಮೂರು ವರ್ಷ ಕಳೆಯಿತು. ಲ್ಯಾಬನ್ನು ಹೊಸ ಕಟ್ಟಡಕ್ಕೆ ಸಾಗಿಸುವಾಗ ಬೀರುವಿನ ಹಿಂದೆ ಬಿದ್ದಿದ್ದ ಅವನ ಹಳೆಯ ನೋಟ್‌ಬುಕ್ ಸಿಕ್ಕಿತು. ಮೊದಲ ಪುಟದಲ್ಲೇ ಒಂದು ಬಾಣದ ಚಿತ್ರ. ಕೆಳಗೆ ಅವನ ದುಂಡನೆಯ ಅಕ್ಷರ.

'ಬಾಣದ ತುದಿ ಬಂಡೆಯ ಒಳಕ್ಕೆ. ಮೇಡಂಗೆ ಇವತ್ತೇ ಹೇಳಿದ್ದೇನೆ. ನಗು ತಡೆದುಕೊಂಡಿದ್ದರು. ನಕ್ಕರೆ ಇನ್ನೂ ಚೆನ್ನಾಗಿರುತ್ತಾರೆ.'

ಅವಳು ಆ ಸಾಲನ್ನು ಮತ್ತೆ ಓದಿದಳು. ಒಳಕ್ಕೆ? ಅವಳ ಗುರುಗಳ ಲ್ಯಾಬಿನಲ್ಲಿ ಬಾಣದ ತುದಿ ಯಾವಾಗಲೂ ಹೊರಕ್ಕೆ. ಆ ಅಭ್ಯಾಸದಲ್ಲೇ ಅವಳು ನಲವತ್ತೆರಡನ್ನೂ ತಿರುವುಮುರುವಾಗಿ ಓದಿದ್ದಳು. ಲೆಕ್ಕ ಮೂರು ಸಲ ನೋಡಿದ್ದು ನಿಜ, ಬಾಣ ನೋಡಿದ್ದು ಒಂದೇ ಸಲ.

ಅವನು ಹೇಳಿದ್ದ. ಅವಳು ಹ್ಞೂ ಎಂದಿದ್ದಳು.

"ಅಮ್ಮಾ, ಒಬ್ಬರ ಬಾಳು ಹಾಳು ಮಾಡಿಬಿಟ್ಟೆ," ಎಂದು ಮನೆಗೆ ಬಂದು ಬಿಕ್ಕಿದಳು.

ಎಲ್ಲ ಕೇಳಿಸಿಕೊಂಡ ತಾಯಿ ಮಗಳ ತಲೆ ಸವರಿದರು. "ಇಲ್ಲಿ ಅಳ್ತಾ ಕೂತ್ರೆ ಅವನಿಗೆ ಗೊತ್ತಾಗುತ್ತಾ? ಹೋಗಿ ಹೇಳು. ಮುಖದ ಮೇಲೆ ಬಾಗಿಲು ಹಾಕಿದ್ರೆ ಹಾಕಿಸ್ಕೊ."

ಅವಳು ಮೊದಲು ನಿರ್ದೇಶಕರಿಗೂ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೂ ಕಾಗದ ಬರೆದಳು. ತಪ್ಪು ನನ್ನದು, ಅವರದಲ್ಲ. ಆಮೇಲೆ ಅವನ ವಿಳಾಸ ಹುಡುಕಿಕೊಂಡು ಹೊರಟಳು.

ಅದೊಂದು ಕಲ್ಲು ಕೊಯ್ಯುವ ಕಾರ್ಖಾನೆ. ಅಡುಗೆಮನೆ ಕಟ್ಟೆಗಳಿಗೆ ಚಪ್ಪಡಿ ಕೊಯ್ಯುವ ಗರಗಸಗಳ ಕಿರುಚಾಟ. ಕೂದಲೆಲ್ಲ ಕಲ್ಲಿನ ಹುಡಿ ಮೆತ್ತಿಕೊಂಡು ಅವನು ಚಪ್ಪಡಿಗೆ ಗೆರೆ ಎಳೆಯುತ್ತಿದ್ದ. ಭೂಮಿಯ ಒಡಲಿನ ಕಥೆ ಓದಬೇಕಾಗಿದ್ದ ಕೈ ಅದು.

ಅವಳು ಅವನ ಎಡಗಡೆ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಹೇಳಿದಳು. ಅವನು ತಿರುಗಲಿಲ್ಲ, ಗೆರೆ ಎಳೆಯುತ್ತಲೇ ಇದ್ದ. 'ಕ್ಷಮಿಸಲ್ಲ... ಮುಖವನ್ನೂ ನೋಡಲ್ಲ...' ಅಂದುಕೊಂಡಳು.

ಪಕ್ಕದಲ್ಲಿ ಚಪ್ಪಡಿ ತೊಳೆಯುತ್ತಿದ್ದ ಹೆಂಗಸು ಅವಳ ತೋಳು ಮುಟ್ಟಿದಳು. "ಆ ಕಿವಿ ಕೇಳ್ಸಲ್ಲಮ್ಮ ಅವ್ರಿಗೆ. ಈ ಸದ್ದಲ್ಲಿ ಹೋಯ್ತು. ಆ ಕಡೆ ಹೋಗಿ ಜೋರಾಗಿ ಹೇಳಿ."

ಅವಳ ಕಣ್ಣು ತುಂಬಿ ಬಂತು. ಬಲಗಡೆಗೆ ಬಂದು ಗಂಟಲು ಹರಿಯುವಂತೆ ಕೂಗಿದಳು. ಅಷ್ಟರಲ್ಲಿ ಯಾರೋ ಗರಗಸ ನಿಲ್ಲಿಸಿದರು.

"ತಪ್ಪು ನಂದು! ನೀನು ಹೇಳಿದ್ದೆ, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಇಡೀ ಕಾರ್ಖಾನೆಗೆ ಕೇಳಿಸಿತು. ಅವತ್ತು ನಾಲ್ಕು ಜನರ ಮುಂದೆ ಹೊರಿಸಿದ್ದನ್ನು ಇವತ್ತು ನಲವತ್ತು ಜನರ ಮುಂದೆ ತನ್ನ ತಲೆಗೆ ತೆಗೆದುಕೊಂಡಿದ್ದಳು. ಅವನ ಕೈಯಿಂದ ಪೆನ್ಸಿಲ್ ಬಿತ್ತು.

ಹೊರಗೆ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು.

"ನಿನಗೆ ಅವತ್ತೇ ಗೊತ್ತಾಗಿತ್ತಾ?"

"ನಿನ್ನ ಹಾಳೆ ನೋಡಿದ ತಕ್ಷಣ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಹೇಳಿದ್ರೆ ಆ ಕೋಣೆಯಿಂದ ನೀನು ಹೊರಗೆ ಹೋಗ್ಬೇಕಾಗಿತ್ತು. ಅದಿಲ್ದೆ ನೀನು ಬದುಕ್ತಿರ್ಲಿಲ್ಲ. ನೀನಾಗೇ ಬಂದು ಕೇಳ್ತೀಯ ಅಂತ ಕಾದೆ... ಆಮೇಲೆ ಅಪ್ಪ ಹೋದ್ರು."

ಅವನ ಅಪ್ಪ ಜೀವನವಿಡೀ ಕಲ್ಲು ಒಡೆದವರು. ನನ್ನ ಮಗ ಕಲ್ಲು ಓದ್ತಾನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದವರು.

"ಕೊನೇಲಿ ಕೇಳಿದ್ರು... 'ನಿಜವಾಗ್ಲೂ ನೀನೇ ತಪ್ಪು ಬಾಣ ಹಾಕಿದ್ಯೇನೋ?' ಅಂತ. ಹೌದಪ್ಪ ಅಂದೆ."

ಅವಳು ಕಾಗದದ ಪ್ರತಿ ಕೊಟ್ಟಳು. ಅವನು ಎರಡು ಸಲ ಓದಿ ಮಡಿಸಿದ. "ಇದನ್ನ ಅವರು ಓದ್ಬೇಕಿತ್ತು," ಎಂದ.

ಅವಳು ತಲೆ ತಗ್ಗಿಸಿದಳು. ಕೆಲಸ ವಾಪಸ್ ಬರಬಹುದು, ಹೆಸರೂ ಬರಬಹುದು. ಆ ಅಪ್ಪನನ್ನು ಎಲ್ಲಿಂದ ತರುವುದು? "ಹೊಟ್ಟೆಗೆ ಹಾಕ್ಕೊ ಅಂತ ಕೇಳೋಕೂ ನನಗೆ ಮುಖ ಇಲ್ಲ..."

ಅವನು ಆ ಕಾಗದವನ್ನು ಜೇಬಿಗಿಟ್ಟುಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು.

"ಒಂದು ಕೇಳ್ಲಾ ಸೂಜಿ? ಅವತ್ತು ಅಷ್ಟು ಬಿಡಿಸಿ ಹೇಳಿದ್ನಲ್ಲ. ನಿನ್ನ ಗಮನ ಎಲ್ಲಿತ್ತು?"

ಅವಳು ಕಣ್ಣೊರೆಸಿಕೊಂಡಳು. ಇನ್ನು ಮುಚ್ಚಿಡುವುದಕ್ಕೆ ಏನಿತ್ತು? "ನಿನ್ನ ಮೇಲೆ."

ಅವನ ಎರಡೂ ಕಿವಿ ಕೆಂಪಾದವು. ಕೇಳಿಸದ ಕಿವಿಯೂ.

"ಮೂರು ವರ್ಷ ಕಾಯಿಸಿದೆ," ಎಂದಳು ಮೆಲ್ಲಗೆ. "ಮರೆತಿರ್ತೀಯ ಅಂದ್ಕೊಂಡಿದ್ದೆ."

"ಮರೆಯೋಕೆ ನೋಡಿದೆ. ಆಗ್ಲಿಲ್ಲ." ಇಷ್ಟು ಹೊತ್ತು ಕತ್ತು ತಿರುಗಿಸಿ ಕೇಳುತ್ತಿದ್ದವನು ಎದ್ದು ಅವಳ ಇನ್ನೊಂದು ಪಕ್ಕಕ್ಕೆ ಬಂದು ಕೂತ. "ಇನ್ನು ಮೇಲೆ ಏನು ಹೇಳೋದಿದ್ರೂ ನನ್ನ ಬಲಗಡೆ ಕೂತು ಹೇಳು. ನೆನಪಿಟ್ಕೊ."

"ಹ್ಞೂ."

"ಹ್ಞೂ ಅಂದ್ರೆ ಸಾಲ್ದು. ಏನಂದೆ, ಹೇಳು ನೋಡೋಣ."

ಅವಳು ಅಳುತ್ತಲೇ ನಕ್ಕಳು. "ಬಲಗಡೆ," ಎಂದಳು. "ಇನ್ನು ಮೇಲೆ ಯಾವಾಗ್ಲೂ ನಿನ್ನ ಬಲಗಡೆ."