ತಳದ ತುತ್ತು

ಬೆಳಗ್ಗೆ ಏಳಕ್ಕೆ ಸರಿಯಾಗಿ ಗಂಜಿಯಂತ್ರ ಗುರುಗುಟ್ಟಿತು. ಮೊಳಕೆ ಕಟ್ಟಿದ ರಾಗಿ, ಹುರಿದ ನವಣೆ, ಕೆಂಪಕ್ಕಿ, ಮೂರರ ಹಿಟ್ಟನ್ನೂ ತಾನೇ ಅಳೆದು, ಬೇಯಿಸಿ, ಬಟ್ಟಲಿಗೆ ಬಗ್ಗಿಸಿತು. ಹಿರಿಯೂರಿನ ರತ್ನಮಾಲಾಳ ಅಡುಗೆಮನೆಗೆ ಅದು ಬಂದು ಎರಡು ತಿಂಗಳಾಗಿತ್ತು. ಅವಳ ಒಂಬತ್ತು ವರ್ಷದ ಮಗಳು ಮೇದಿನಿಯ ಕರುಳು ತಿರುಚಿಕೊಂಡು, ವೈದ್ಯರು ಮೊಳದಷ್ಟು ಕತ್ತರಿಸಿ ತೆಗೆದಿದ್ದರು. ಉಳಿದ ಕರುಳಿಗೆ ಯಾವ ಧಾನ್ಯ ಎಷ್ಟು ಒಗ್ಗುತ್ತದೆಂದು ಈ ಯಂತ್ರ ಕಂಡುಹಿಡಿಯಬೇಕಿತ್ತು.

ಹುಡುಗಿಯ ಹೊಟ್ಟೆಗೆ ಕಟ್ಟಿದ 'ಕರುಳುಪಟ್ಟಿ' ಒಳಗಿನ ಸದ್ದು ಕೇಳಿ, ಮೈಗೆ ಸೇರಿದ ಸತ್ವವನ್ನು ಅಳೆಯುತ್ತಿತ್ತು. 'ತೂಕಬಟ್ಟಲು' ಎಷ್ಟು ಗಂಜಿ ಖಾಲಿಯಾಯಿತೆಂದು ಹೇಳುತ್ತಿತ್ತು. ಎರಡನ್ನೂ ತಾಳೆ ನೋಡಿದರೆ 'ಹೀರಿಕೆ ಅಂಕ'. ಅಂಕ ಏರಿದಂತೆ ಗಂಜಿ ಗಟ್ಟಿಯಾಗುತ್ತ, ಕೊನೆಗೊಂದು ದಿನ ಮುದ್ದೆ.

ಆದರೆ ಅಂಕ ಏರಲೇ ಇಲ್ಲ. ಬಟ್ಟಲೇನೋ ದಿನವೂ ಖಾಲಿ. ಮೈಗೆ ಸೇರಿದ್ದು ಅರ್ಧ. ಸೋಮವಾರ ಪರದೆಯಲ್ಲಿ ಕೆಂಪಕ್ಷರ ಮೂಡಿತು: 'ಕರುಳು ಹೀರುತ್ತಿಲ್ಲ. ಮತ್ತೊಂದು ಶಸ್ತ್ರಕ್ರಿಯೆಗೆ ಶಿಫಾರಸು.' ರತ್ನಮಾಲಾ ಕೂಡಲೇ ಯಂತ್ರ ಕೊಟ್ಟವರಿಗೆ ಫೋನ್ ಮಾಡಿದಳು.

ಯಂತ್ರ ರೂಪಿಸಿದ ವಿಜ್ಞಾನಿ ತಿಪ್ಪೇಸ್ವಾಮಿ ತಾವೇ ಬಂದರು. ಪಟ್ಟಿ, ಬಟ್ಟಲು ಎರಡೂ ಸರಿಯಾಗಿದ್ದವು.

"ಗಂಜಿ ಚೆಲ್ತೀಯೇನಮ್ಮ?"

"ಚೆಲ್ಲಿದ್ರೆ ಅಮ್ಮ ಸುಮ್ನೆ ಬಿಡ್ತಾಳಾ ಅಂಕಲ್?" ಎಂದಳು ಮೇದಿನಿ.

"ಬೇರೆ ಯಾರಾದ್ರೂ ಕುಡೀತೀರಾ ತಾಯಿ?"

"ಅಯ್ಯೋ, ಕಾಯಿಲೆ ಮಗೂ ಗಂಜೀನ ಯಾರು ಮುಟ್ತಾರೆ ಸಾರ್? ದೇವರಾಣೆ ಇಲ್ಲ."

ಅಷ್ಟರಲ್ಲಿ, ಅಮ್ಮ ಉಣಿಸುತ್ತಿದ್ದ ಗಂಜಿ ಬೇಡವೆಂದು ಮೇದಿನಿ ಬಾಯಿ ಬಿಗಿದಳು. "ಸಾಕಮ್ಮ." ಇನ್ನೊಂದೇ ತುತ್ತು ಎಂದು ರಮಿಸಿದರೂ ಕೇಳಲಿಲ್ಲ. ಮಗಳು ರಾತ್ರಿ ಎಷ್ಟು ಹೊತ್ತು ಮಲಗುತ್ತಾಳೆಂದು ವಿಜ್ಞಾನಿಗೆ ವಿವರಿಸುತ್ತಲೇ ರತ್ನಮಾಲಾ ಉಳಿದ ಅರ್ಧ ಬಟ್ಟಲು ಗಂಜಿಯನ್ನು ಬಾಯಿಗೆ ಸುರಿದುಕೊಂಡು, ತಳವನ್ನು ಬೆರಳಿನಿಂದ ಸವರಿ, ಬಟ್ಟಲನ್ನು ಯಂತ್ರದ ಮೇಲಿಟ್ಟಳು. 'ಪೂರ್ಣ ಸೇವನೆ' ಎಂದಿತು ಯಂತ್ರ.

"ತಾಯಿ, ಈಗ ತಿಂದ್ರಲ್ಲ!"

"ನಾನೆಲ್ಲಿ ತಿಂದೆ ಸಾರ್? ತಳದಲ್ಲಿ ಉಳಿದಿದ್ದು ದಂಡ ಆಗ್ಬಾರ್ದು ಅಂತ ಬಾಯಿಗೆ ಹಾಕ್ಕೊಂಡೆ ಅಷ್ಟೆ. ನಂದಿನ್ನೂ ತಿಂಡೀನೇ ಆಗಿಲ್ಲ."

ತಿಪ್ಪೇಸ್ವಾಮಿ ಬಿದ್ದು ಬಿದ್ದು ನಕ್ಕರು. ರತ್ನಮಾಲಾ ನಗಲಿಲ್ಲ. "ಹಂಗಾದ್ರೆ... ಇವಳನ್ನ ಮತ್ತೆ ಕುಯ್ಯಲ್ವಾ?"

"ಇಲ್ಲ ತಾಯಿ. ಕುಡಿದಷ್ಟನ್ನೂ ಈ ಕರುಳು ಹೀರಿದೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಕುತೂಹಲಕ್ಕೆಂದು ವಿಜ್ಞಾನಿ ಪಟ್ಟಿಯನ್ನು ಅವಳಿಗೇ ಕಟ್ಟಿ ನೋಡಿದರು. ಒಣನೆಲ ನೀರು ಕುಡಿಯುವಂತೆ ಹೊಟ್ಟೆ ಗಂಜಿಯನ್ನು ಎಳೆದುಕೊಳ್ಳುತ್ತಿತ್ತು.

"ನೀವು ದಿನಾ ತಿಂಡಿ ತಿನ್ನೋದು ಎಷ್ಟು ಗಂಟೆಗೆ?"

"ಎಲ್ರದೂ ಆದ್ಮೇಲೆ," ಎಂದಳು. ಯೋಚಿಸಿ, "ಒಂದೊಂದಿನ ಅದೂ ಇಲ್ಲ," ಎಂದು ಸೇರಿಸಿದಳು.

ಮುಂದಿನ ತಿಂಗಳಿಂದ ಯಂತ್ರಕ್ಕೆ ಎರಡು ಬಟ್ಟಲು: ಉಣ್ಣುವವರಿಗೊಂದು, ಉಣಿಸುವವರಿಗೊಂದು. ಎರಡೂ ಬರಿದಾಗುವವರೆಗೆ ಅದು ಕೂಗುತ್ತಿತ್ತು. ಮೊದಲ ದಿನ ರತ್ನಮಾಲಾ ತನ್ನದಕ್ಕೆ ತಟ್ಟೆ ಮುಚ್ಚಿ, "ಆಮೇಲೆ ಕುಡೀತೀನಿ," ಎಂದು ಪಾತ್ರೆ ತೊಳೆಯಲು ಹೊರಟಳು. ಮೇದಿನಿ ಸೆರಗು ಹಿಡಿದು ಕೂರಿಸಿ ಚಮಚ ಚಾಚಿದಳು.

"ಸಾಕು ಕಣೇ."

"ಇನ್ನೊಂದೇ ತುತ್ತು."

ಅಮ್ಮ ತಲೆಯಾಡಿಸಿದಾಗ ಉಳಿದಿದ್ದ ಆ ಒಂದು ತುತ್ತನ್ನು ಮೇದಿನಿ ತನ್ನ ಬಾಯಿಗೆ ಹಾಕಿಕೊಂಡಳು. ಯಂತ್ರದ ಲೆಕ್ಕ ಮತ್ತೆ ತಪ್ಪಿತು.