ಎಂಟು ನಲವತ್ತರ ಇಮೇಲ್

ರಾಮರ್ ತನ್ನ ಫೋನನ್ನು ಮೇಜಿನ ಮೇಲಿಟ್ಟ. ಕಾರ್ತಿಕಾ ತಲೆಯೆತ್ತಲಿಲ್ಲ.

"ಇಮೇಲ್ ಹೊತ್ತಾಗಿ ಬತ್ತದೆ, ಮೇಡಂ."

ಮೇಡಂ... ಸೋದರತ್ತೆಯ ಮಗಳನ್ನು ಹೀಗೆ ಕರೆಯುವಷ್ಟು ದೂರ ಹೋಗಿಬಿಟ್ಟನೇ?

ಒಡ್ಡನ್‌ಛತ್ರಂನ ಆ ಹಣ್ಣು-ತರಕಾರಿ ಕಂಪನಿಯಲ್ಲಿ ಫೋನು, ಕಂಪ್ಯೂಟರುಗಳ ಉಸ್ತುವಾರಿ ಅವಳದು. ಅವನು ಕಂಬಂ ಕಣಿವೆಯ ತೋಟಗಳಲ್ಲಿ ದ್ರಾಕ್ಷಿ ಖರೀದಿಸುವವನು. ಬೆಳಗಿನಿಂದ ಇದು ಹದಿನೇಳನೆಯ ಫೋನು. ಎಲ್ಲಕ್ಕೂ ಒಂದೇ ರೋಗ. ಅವಳ ಕಣ್ಣು ಉರಿಯುತ್ತಿತ್ತು.

ಕಳೆದ ಗುರುವಾರ ಅವಳೇ ಅವನಿಗೊಂದು ಇಮೇಲ್ ಕಳಿಸಿದ್ದಳು. ವಾಟ್ಸಾಪನ್ನು ಅಮ್ಮ ತೆಗೆದು ನೋಡುತ್ತಾಳೆ, ಅದಕ್ಕೇ ಆಫೀಸಿನ ಇಮೇಲ್. 'ದಿಂಡಿಗಲ್ಲಿನವರು ಮಧ್ಯಾಹ್ನ ನನ್ನನ್ನು ನೋಡಲು ಬರುತ್ತಾರೆ. ಮನಸ್ಸಿದ್ದರೆ ಮೊದಲೇ ಬಂದು ಅಪ್ಪನಿಗೆ ಹೇಳು.'

ಅವನು ಬರಲಿಲ್ಲ. ಉತ್ತರವೂ ಇಲ್ಲ.

ಇವತ್ತು ಅಪ್ಪ ವೀಳ್ಯದ ತಟ್ಟೆ ಹಿಡಿದು ಅವನ ಮನೆಗೆ ಹೊರಡುತ್ತಾರೆ. ಸೋದರಮಾವನ ಮಗ ವೀಳ್ಯ ಎತ್ತಿಕೊಂಡರೆ ಹುಡುಗಿಯ ಮೇಲಿನ ತನ್ನ ಮೊದಲ ಹಕ್ಕನ್ನು ಬಿಟ್ಟುಕೊಟ್ಟಂತೆ. ಆಮೇಲೆ ಹೊರಗಿನವರಿಗೆ ಮಾತು ಕೊಡಬಹುದು. ಹುಡುಗಿಯ ಮುಂದೆ ಇಡುವ ತಟ್ಟೆ ಮಾತ್ರ ಅವರ ಕುಲದಲ್ಲಿ ಇಲ್ಲ.

ಅವಳು ಸೆಟ್ಟಿಂಗ್ಸ್ ತೆರೆದಳು. ಬ್ಯಾಟರಿ ಸೇವರ್ ಆನ್ ಇತ್ತು. ಹಾಗಿದ್ದರೆ ಇಮೇಲ್ ಆ್ಯಪ್ ಮಲಗಿಯೇ ಇರುತ್ತದೆ; ನಾವಾಗಿ ತೆರೆದಾಗಲೇ ಇಮೇಲ್ ಒಳಗೆ ಬರುವುದು.

"ಇದನ್ನ ಯಾರು ಹಾಕಿದ್ದು?"

"ನೀನೇ ಅಲ್ವಾ, ಪುಳ್ಳೆ. ತೋಟದಾಗೆ ಕರೆಂಟಿಲ್ಲೆ, ಎಲ್ಲಾರೂ ಹಾಕ್ಕಳಿ ಅಂತ ಮೀಟಿಂಗ್‌ನಾಗೆ ಅಂದಿದ್ದು."

ಅವಳ ಬೆರಳು ನಿಂತಿತು. ಹೌದು... ತಾನೇ.

"ಗುರುವಾರ ನನ್ನ ಇಮೇಲ್ ಎಷ್ಟೊತ್ತಿಗೆ ಬಂತು?"

"ಸಂಜೆ ಏಳಕ್ಕೆ. ಲಾರಿ ಕಳಿಸಿದ ಮ್ಯಾಲೇ ಆಪೀಸ್ ಫೋನ್ ತೆಗೆಯಾದು ನಾನು."

ಅವಳು ಕಳಿಸಿದ್ದು ಬೆಳಿಗ್ಗೆ ಎಂಟು ನಲವತ್ತಕ್ಕೆ.

"ಓದಿದ ಕೂಡ್ಲೇ ಅತ್ತೆಗೆ ಫೋನ್ ಮಾಡ್ದೆ. ಅವರಿಗೆ ಪುಳ್ಳೆ ಪುಡಿಚ್ಚೋಯ್ತು, ಹುಡ್ಗಿ ಒಪ್ಗೆ ಅಂದವ್ರೆ, ಇವಳೂ ಬ್ಯಾಡ ಅನ್ಲಿಲ್ಲೆ ಅಂದ್ಳು. ಇನ್ನೇನು ಅಂತ ಸುಮ್ಕಾದೆ."

"ನೀನು ಬರಲಿಲ್ಲೆ, ಮಾಮ. ಯಾರ ನಂಬ್ಕಂಡು ಬ್ಯಾಡ ಅನ್ಲಿ?"

ಚಿಕ್ಕಂದಿನಂತೆ ಮಾಮ ಎಂದೇ ಕರೆದ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ತ್ರಾಣ ಬೇಕಲ್ಲ... ಎಂಟು ದಿನ ಮನೆಮಂದಿಯ ಮುಂದೆ ನಗುಮುಖ ಹೊತ್ತು ಅವಳು ಸೋತಿದ್ದಳು.

"ತಟ್ಟೆ ಬಂದ್ರೆ ಎತ್ಕಳಾಕೆ ಇದ್ಯಾ?"

"ಇದ್ದೆ. ನಿನಗೆ ಇಷ್ಟ ಅಂತ ನೆನಸ್ಕಂಡಿದ್ದೆ." ಅವನು ಕುರ್ಚಿ ಎಳೆದು ಎದುರಿಗೆ ಕೂತ. "ಮಾವ ಎಷ್ಟೊತ್ತಿಗೆ ಹೊರಡಾದು?"

"ಎರಡಕ್ಕೆ."

ಗೋಡೆಯ ಗಡಿಯಾರದಲ್ಲಿ ಒಂದು ಹತ್ತು.

"ಅದಕ್ಕೆ ಮುಂಚೆ ಹೋಗಿ ಮಾವಂಗೆ ಸೊಲ್ಲಿಬಿಡ್ತೀನಿ, ತಟ್ಟೆ ಎತ್ಕಳಲ್ಲ ಅಂತ. ಆದ್ರೆ ಮೊದ್ಲು ನೀನು ಹೇಳು. ನನ್ನ ಕಟ್ಕತೀಯಾ, ಕಾರ್ತಿಕಾ?"

ಇಪ್ಪತ್ತೇಳು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೇ ನೇರವಾಗಿ ಕೇಳಿದವರು ಯಾರೂ ಇರಲಿಲ್ಲ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸುತ್ತಲೇ ಇದ್ದಳು.

"ಹೂಂ."

"ಹಂಗಾದ್ರೆ ನೀನು ಇಲ್ಲೇ ಇರು. ಬೈಗುಳ ನಾನು ತಿಂತೀನಿ."

"ಬ್ಯಾಡ." ಅವಳು ಎದ್ದು ನಿಂತಳು. "ಬೈಕ್ ತೆಗಿ, ಮಾಮ. ಅಪ್ಪನ ಹತ್ರ ನಾನೇ ಮಾತಾಡ್ತೀನಿ. ನೀನು ಪಕ್ಕದಾಗೆ ನಿಂತಿರು... ಸಾಕು."