ಗೀರಿಲ್ಲದ ಗುಂಡು

"ಡೆಕ್ಲನ್‌ಗೆ ಈಡು ಬಿದ್ದಿದೆ, ಡೆಸ್. ಬೇಗ ಬಾ. ಆಂಬುಲೆನ್ಸ್‌ಗೆ ಅವಸರ ಇಲ್ಲ."

ರೇಡಿಯೋದಲ್ಲಿ ಬಂದದ್ದು ಇಷ್ಟೇ. ದನಿ ಸಾಂಡ್ರೊ ಪೆಲ್ಲಿಝಾರಿಯದು, ರೇಡಿಯೋ ಅವನ ಮಾವನದು. ಹ್ಯಾರೋಸ್ ಕ್ರಾಸಿಂಗ್ ಅನ್ನುವ ಈ ಗುಡ್ಡದೂರಿಗೆ ಇರುವ ಒಬ್ಬನೇ ಪೊಲೀಸಿನವನು ನಾನು. ಕೈಯಲ್ಲಿದ್ದ ಟೀ ಅಲ್ಲೇ ಬಿಟ್ಟು ಜೀಪು ಹತ್ತಿದೆ.

ಟ್ಯಾಲೋ ಹಳ್ಳದ ಕೊಳ್ಳದಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ನೀಲಗಿರಿ ಮರಗಳ ಬುಡದಲ್ಲಿ ಮುದುಕ ಕ್ಲೆಮ್ ಗ್ಯಾಫ್ನಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಡೆಕ್ಲನ್ ಮೈಮೇಲೆ ಕಿತ್ತಳೆ ಬಣ್ಣದ ಅಂಗಿ—ಯಾರೂ ಕಡವೆ ಅಂದುಕೊಂಡು ಈಡು ಹೊಡೆಯದಿರಲಿ ಅಂತ ಬೇಟೆಗಾರರು ಹಾಕುವಂಥದ್ದು. ಅದರ ಎಡಪಕ್ಕೆ ರಕ್ತದಲ್ಲಿ ನೆನೆದು ಕಪ್ಪಾಗಿತ್ತು.

"ಅವನನ್ನ ಹಿಡ್ಕೊ ಡೆಸ್," ಅಂದ ಕ್ಲೆಮ್, ತಲೆ ಎತ್ತದೆ. "ನನ್ನ ಅಳಿಯ ನನ್ನ ಮಗನ್ನ ಕೊಂದ."

ಸಾಂಡ್ರೊ ಸ್ವಲ್ಪ ದೂರದಲ್ಲಿ ನಿಂತಿದ್ದ. ಇಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ.

ಡೆಕ್ಲನ್ ನನ್ನ ಜೊತೆ ಫುಟ್‌ಬಾಲ್ ಆಡಿ ಬೆಳೆದವನು. ಒಮ್ಮೆ ನನ್ನ ಮೂಗು ಮುರಿದವನು, ಮುರಿದು ಆಸ್ಪತ್ರೆಗೆ ಹೊತ್ತುಕೊಂಡು ಹೋದವನೂ ಅವನೇ. ಅಂಥವನ ಹೆಣದ ಮುಂದೆ ಕೂತು ನಾನು ಪಂಚನಾಮೆ ಬರೆಯಬೇಕಾಯಿತು. ಕಣ್ಣು ಒರೆಸಿಕೊಂಡು ಒರೆಸಿಕೊಂಡು ಬರೆದೆ. ಪೊಲೀಸಿನವನು ಅಳಬಾರದು ಅನ್ನುವವರು ಯಾರಾದರೂ ಇದ್ದರೆ ನಮ್ಮೂರಿಗೆ ಬಂದು ಕೆಲಸ ಮಾಡಲಿ.

ಜಗಳದ ಮೂಲ ಊರಿಗೆಲ್ಲ ಗೊತ್ತಿತ್ತು. ಕ್ಲೆಮ್‌ನ ಮಗಳು ಬ್ರೈಡಿ ಗಂಡ ಸಾಂಡ್ರೊನನ್ನು ಬಿಟ್ಟು ಅಪ್ಪನ ಮನೆಗೆ ಬಂದಿದ್ದಳು. ತಪ್ಪು ಯಾರದೋ, ಅವರಿಬ್ಬರಿಗೇ ಗೊತ್ತು. ಆದರೆ ತಂಗಿಯ ಕಣ್ಣೀರು ನೋಡಿದ ಡೆಕ್ಲನ್, "ಅವನು ಕೈಗೆ ಸಿಗಲಿ, ಹಲ್ಲು ಉದುರಿಸ್ತೀನಿ" ಅಂತ ಪಬ್ಬಿನಲ್ಲಿ ಕೂಗಾಡಿದ್ದ. ಕ್ಲೆಮ್‌ಗೆ ತನ್ನದೇ ಒಂದು ನಂಬಿಕೆ: ಒಟ್ಟಿಗೆ ಬೇಟೆಗೆ ಹೋಗಿ ಒಂದೇ ಬಾಣಲೆಯಲ್ಲಿ ಕಡವೆಯ ಈಲಿ ಹುರಿದು ತಿಂದವರ ನಡುವೆ ಜಗಳ ಉಳಿಯುವುದಿಲ್ಲ. ಹಾಗಂತ ಮಗ, ಅಳಿಯ ಇಬ್ಬರನ್ನೂ ತಾನೇ ಕರೆದುಕೊಂಡು ಹೋದ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಮೆಲ್ಬರ್ನ್‌ನಿಂದ ಡಿಟೆಕ್ಟಿವ್ ಸಾರ್ಜೆಂಟ್ ಮೋರಾ ಟ್ರೆವೀನಾ ಬಂದರು. ಸಣ್ಣ ಆಳು, ದೊಡ್ಡ ಕೋಟು. ಬೇಟೆ ಗೊತ್ತಿಲ್ಲ ಅಂತ ಮೊದಲೇ ಹೇಳಿಬಿಟ್ಟರು. "ಗೊತ್ತಿಲ್ಲದ್ದನ್ನ ಕೇಳ್ತೀನಿ ಡೆಸ್. ನಗಬೇಡ."

ಮೊದಲು ಕ್ಲೆಮ್‌ನನ್ನು ಕೇಳಿದರು.

"ಎಷ್ಟು ಈಡು ಕೇಳಿಸ್ತು?"

"ಎರಡು. ಮೊದಲ್ನೇದು ಸಾಂಡ್ರೊ ಕೂತಿದ್ದ ಕಡೆಯಿಂದ. ಗಂಡು ಕಡವೆ ಒಂದು ಬೆದರಿ ನನ್ನೆದುರಿನ ಇಳಿಜಾರಿಗೆ ಬಂತು. ಎರಡ್ನೇದು ನಂದು."

"ಬಿತ್ತಾ ಕಡವೆ?"

"ಇಲ್ಲ." ಮುದುಕ ಮುಖ ತಿರುಗಿಸಿದ. "ಅಷ್ಟು ಹತ್ರದಲ್ಲಿ ಯಾವತ್ತೂ ತಪ್ಪಿಸಿದವನಲ್ಲ ನಾನು. ಕೋವಿ ಸರಿಯಾಗಿ ಒದೀಲೂ ಇಲ್ಲ. ಮದ್ದು ತೇವ ಆಗಿತ್ತೋ ಏನೋ."

"ಮಗ ಎಲ್ಲಿದ್ದ?"

"ಮೇಲಿನ ದಿಣ್ಣೇಲಿ ಇರಬೇಕಿತ್ತು. ಕೆಳಕ್ಕೆ ಇಳೀತಾನೆ ಅಂತ ಯಾರಿಗೆ ಗೊತ್ತಮ್ಮ? ನಾನು ಗುರಿ ಇಟ್ಟ ಜಾಗದಿಂದ ಬಹಳ ಪಕ್ಕಕ್ಕೆ, ಪೊದೆಗಳೊಳಗೆ ಬಿದ್ದಿದ್ದ. ಸಾಂಡ್ರೊ ಕೂತಿದ್ದ ಕಡೆಯಿಂದ ಅದು ಕಾಣುತ್ತೆ. ಕಂಡೇ ಹೊಡ್ದಿದಾನೆ ಬೋಳಿಮಗ."

ಇಬ್ಬರ ಕೋವಿಗಳೂ ಶಾರ್ಟ್ ಮ್ಯಾಗ್ನಮ್ ಜಾತಿಯವು—ಗಿಡ್ಡ, ದಪ್ಪ ತೋಟಾ ತಿನ್ನುವಂಥವು. ಕ್ಲೆಮ್‌ನದು ಮುನ್ನೂರು, ಸಾಂಡ್ರೊನದು ಇನ್ನೂರೆಪ್ಪತ್ತು. ಅದು ಗುಂಡಿನ ದಪ್ಪದ ಲೆಕ್ಕ. ಇನ್ನೂರೆಪ್ಪತ್ತರ ಗುಂಡು ಸ್ವಲ್ಪ ಸಣ್ಣ. ಡೆಕ್ಲನ್ ಕೈಯಲ್ಲಿದ್ದದ್ದು ಅಪ್ಪನ ಹಳೆಯ ಉದ್ದ ಕೋವಿ. ಅದರಿಂದ ಈಡೇ ಹಾರಿರಲಿಲ್ಲ.

ಹೆಣ ಕೊಯ್ದ ಡಾಕ್ಟರು ಫೋನಿನಲ್ಲಿ ಹೇಳಿದರು: ಗುಂಡು ಮೈಯೊಳಗೇ ಉಳಿದಿದೆ. ಅಡ್ಡಡ್ಡವಾಗಿ ಹೊಕ್ಕಿದೆ, ದಾರಿಯಲ್ಲಿ ಕೊಂಬೆಗೋ ಏನಕ್ಕೋ ತಗುಲಿ ತಿರುಗಿರಬೇಕು. ಅಳತೆ, ತೂಕ ಎರಡೂ ಆಸ್ಪತ್ರೆಯಲ್ಲೇ ನೋಡಿದರಂತೆ—ಇನ್ನೂರೆಪ್ಪತ್ತರದ್ದೇ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ ನಾನು. ಸಾಂಡ್ರೊನನ್ನು ಠಾಣೆಯ ಪುಟ್ಟ ಕೋಣೆಗೆ ಹಾಕಿ ಬೀಗ ಜಡಿದೆ. ಕ್ಲೆಮ್ ಅಲ್ಲಿಗೂ ಬಂದು ಕಂಬಿಯೊಳಗೆ ಉಗಿದು ಹೋದ. ಸಾಂಡ್ರೊ ತೋಳಿನಿಂದ ಮುಖ ಒರೆಸಿಕೊಂಡ, ಅಷ್ಟೇ.

"ಗುಂಡು ನಿನ್ನದಾ?" ಮೇಡಂ ಕೇಳಿದರು.

"ನಂದೇ."

"ಡೆಕ್ಲನ್ ಕಂಡಿದ್ನಾ?"

"ಹೇಗೆ ಬೇಕೋ ಹಾಗೆ ಬರ್ಕೊಳ್ಳಿ."

"ಇಪ್ಪತ್ತು ವರ್ಷ ಒಳಗೆ ಕೂರ್ತೀಯಾ. ಬ್ರೈಡಿಗೆ ಏನು ಹೇಳಲಿ?"

"ಏನೂ ಬೇಡ." ಆಮೇಲೆ ಅವನೇ ಕೇಳಿದ: "ಮಾವ ಏನಾದ್ರೂ ತಿಂದ್ರಾ?"

ಹೊರಗೆ ಬಂದ ಮೇಲೆ ಮೇಡಂ ನನ್ನ ಮುಖ ನೋಡಿದರು. "ಕೊಂದವನು ಕ್ಷಮೆ ಕೇಳ್ತಾನೆ, ವಕೀಲನ್ನ ಕೇಳ್ತಾನೆ. ಇವನು ಮಾವನ ಊಟ ಕೇಳ್ತಾನಲ್ಲ ಡೆಸ್?"

"ನಾಟಕ ಮೇಡಂ."

"ಹೌದು, ನಾಟಕಾನೇ. ಆದ್ರೆ ಯಾವುದು ನಾಟಕ? ಆ ಪ್ರಶ್ನೆನೋ, ತಪ್ಪೊಪ್ಪಿಗೆನೋ?"

ನಾನು ಕೋಣೆಯ ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದೆ.

ಮಧ್ಯಾಹ್ನ ನೋಲೀನ್‌ಳ ಪಬ್ಬಿನಲ್ಲಿ ಮಾಂಸದ ಪೈ ತಿನ್ನುತ್ತಾ ಮೇಡಂ ಸುಮ್ಮನೆ ಕೇಳಿದರು: "ಈ ಗಿಡ್ಡ ತೋಟಾದಲ್ಲಿ ಅಂಥದ್ದೇನಿದೆ?" ಕೇಳಿದ್ದೇ ತಡ, ಹೆಂಡತಿಯ ಹುಟ್ಟುಹಬ್ಬ ನೆನಪಿರದ ಗಂಡಸರೆಲ್ಲ ತಜ್ಞರಾಗಿಬಿಟ್ಟರು.

"ಕೋವಿ ಗಿಡ್ಡ ಆಗುತ್ತೆ, ಹಗುರ ಆಗುತ್ತೆ," ಅಂದ ಕಟುಕ ಆರ್ಚಿ. "ಈ ಗುಡ್ಡ ಹತ್ತೋವಾಗ ಅದರ ಬೆಲೆ ಗೊತ್ತಾಗೋದು. ತೋಟಾ ಒಳಕ್ಕೆ ತಳ್ಳೋ ಬೋಲ್ಟು ಒಂಚೂರು ಎಳೆದ್ರೆ ಸಾಕು. ಕ್ಲೆಮ್ ಬಿದ್ದು ಹೆಗಲು ಮುರ್ಕೊಂಡ ಮೇಲೆ ಹಳೇ ಕೋವಿಯ ಉದ್ದ ಬೋಲ್ಟು ಎಳೆಯೋಕೇ ಆಗ್ತಿರಲಿಲ್ಲ. ಅದಕ್ಕೇ ಡೆಕ್ಲನ್ ಇದನ್ನ ಕೊಡಿಸಿದ್ದು. 'ಅಪ್ಪ ಇನ್ನೂ ಹತ್ತು ವರ್ಷ ಬೇಟೆ ಆಡಬೇಕು' ಅಂತಿದ್ದ."

ನೋಲೀನ್ ಲೋಟ ಒರೆಸುವುದನ್ನು ನಿಲ್ಲಿಸಿದಳು.

"ಕೊಳ್ಳದಾಚೆಗೂ ಗೆರೆ ಎಳೆದ ಹಾಗೆ ಹೋಗುತ್ತೆ ಗುಂಡು," ಅಂದ ಮತ್ತೊಬ್ಬ, ಮಾತು ತಿರುಗಿಸಲು.

"ದೋಷ?"

"ಕತ್ತೆ ಹಾಗೆ ಒದೆಯುತ್ತೆ. ಆ ಮುನ್ನೂರಂತೂ ಹೆಗಲು ನೀಲಿ ಮಾಡುತ್ತೆ. ತೋಟಾ ತುಂಬೋ ಮ್ಯಾಗಜಿನ್ನಿಗೆ ಮೂರು ಹಿಡಿಸಿದ್ರೆ ಹೆಚ್ಚು—ಡುಮ್ಮಣ್ಣಗಳು ಬೆಂಚಲ್ಲಿ ಕೂತ ಹಾಗೆ."

"ನಿನ್ನನ್ನ ನೋಡ್ಕೊಂಡೇ ಹೇಳ್ತಿದೀಯಲ್ಲ ಆರ್ಚಿ," ಅಂದಳು ನೋಲೀನ್.

"ನಮ್ಮೂರ ಅಂಗಡೀಲಿ ತೋಟಾ ಸಿಗಲ್ಲ, ಅದೊಂದು. ಒಟ್ನಲ್ಲಿ ಗುಣಾನೇ ಜಾಸ್ತಿ ಅನ್ನಿ."

"ಕ್ಲೆಮ್‌ದೂ ಸಾಂಡ್ರೊದೂ ತೋಟಾ ಒಟ್ಟಿಗೆ ಇಟ್ರೆ ನೀನು ಗುರುತು ಹಿಡೀತೀಯಾ?"

"ಅದೇ ಉದ್ದ, ಅದೇ ದಪ್ಪ. ತುದೀಲಿ ಗುಂಡು ಮಾತ್ರ ಕೂದಲೆಳೆ ಸಣ್ಣ. ಹಿಂದೆ ಬರೆದಿರುತ್ತಲ್ಲ, ಕನ್ನಡಕ ಹಾಕ್ಕೊಂಡ್ರೆ ಹಿಡೀತೀನಿ."

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಅರ್ಧ ಪೈ ಹಾಗೇ ಬಿಟ್ಟು ಎದ್ದರು.

ಮರುದಿನ ಅವರೇ ಹೋಗಿ ಆಸ್ಪತ್ರೆಯಿಂದ ಗುಂಡನ್ನು ತಂದರು. ಸಾಂಡ್ರೊನ ಕೋವಿಯಿಂದ ನೀರಿನ ತೊಟ್ಟಿಗೆ ಇನ್ನೊಂದು ಗುಂಡು ಹಾರಿಸಿ, ಎರಡನ್ನೂ ನನ್ನ ಮೇಜಿನ ಮೇಲೆ ಇಟ್ಟರು.

"ಭೂತಗನ್ನಡಿ ಹಿಡಿದು ನೋಡು. ತೊಟ್ಟಿಯದರ ಮೈಮೇಲೆ ಏನಿದೆ?"

"ಓರೆ ಗೀರುಗಳು. ನಳಿಗೆಯೊಳಗೆ ತಿರುಚಿದ ಗೆರೆ ಇರುತ್ತೆ ಮೇಡಂ. ಅದು ಗುಂಡನ್ನ ಬಿಗಿಯಾಗಿ ಹಿಡಿದು ತಿರುಗಿಸುತ್ತೆ. ತಿರುಗಿದ್ರೇನೇ ಗುಂಡು ನೆಟ್ಟಗೆ ಹೋಗೋದು."

"ಡೆಕ್ಲನ್ ಮೈಯಲ್ಲಿದ್ದದ್ದರ ಮೇಲೆ?"

ನೋಡಿದೆ. ತಿರುಗಿಸಿ ಮತ್ತೆ ನೋಡಿದೆ. ಒಂದು ಪಕ್ಕ ಜಜ್ಜಿತ್ತು. ಉಳಿದ ಮೈ ನುಣುಪು. ಗೀರೇ ಇಲ್ಲ.

"ಎಲ್ಲರೂ ಅಳತೆ ನೋಡಿದ್ರು, ತೂಕ ನೋಡಿದ್ರು. ಮೈ ನೋಡಲಿಲ್ಲ," ಅಂದರು ಮೇಡಂ. "ಅಡ್ಡ ಹೊಕ್ಕಿದ್ದಕ್ಕೆ ಕೊಂಬೆ ಕಾರಣ ಅಂತ ಒಪ್ಪೋಣ. ಆದ್ರೆ ನಳಿಗೆಯಿಂದ ಬಂದ ಗುಂಡಿಗೆ ಗೀರು ಯಾಕಿಲ್ಲ? ಗುಂಡಿಗಿಂತ ನಳಿಗೆ ದೊಡ್ಡದಾಗಿತ್ತು. ಹಿಡಿತವೇ ಸಿಗಲಿಲ್ಲ, ಮದ್ದಿನ ಬಲ ಪಕ್ಕದಿಂದ ಸೋರಿಹೋಯ್ತು. ಹಿಡಿತ ಇಲ್ಲದ ಗುಂಡು ಪಲ್ಟಿ ಹೊಡೀತಾ ಎಲ್ಲಿಗೆ ಬೇಕಾದ್ರೂ ಹೋಗುತ್ತೆ. ಇದು ಸಾಂಡ್ರೊನ ಕೋವಿಯಿಂದ ಬಂದಿದ್ದಲ್ಲ ಡೆಸ್."

ಕ್ಲೆಮ್‌ನ ಕೋವಿ ಜಪ್ತಿ ಮಾಡಿ ಇಟ್ಟಿದ್ದೆವು. ಮದ್ದು ತೆಗೆದ ಇನ್ನೂರೆಪ್ಪತ್ತರ ತೋಟಾ ಒಂದನ್ನು ನನ್ನ ಕೈಗಿತ್ತು, "ಹಾಕು" ಅಂದರು. ಹಾಕಿದೆ. ಬೋಲ್ಟು ತಳ್ಳಿದೆ. ಅಡ್ಡಿಯಾಗಲಿ, ಸದ್ದಾಗಲಿ ಇಲ್ಲದೆ ಮುಚ್ಚಿಕೊಂಡಿತು. ಕುರ್ಚಿ ಎಳೆದು ಕೂತುಬಿಟ್ಟೆ.

ಮಿಕ್ಕಿದ್ದು ನನಗೇ ಹೊಳೆಯಿತು. ಕೋವಿ ಬೇರೆ, ತೋಟಾ ಬೇರೆ ಬೀಗದಲ್ಲಿರಬೇಕು ಅನ್ನುವುದು ಇಲ್ಲಿನ ಕಾನೂನು. ಗ್ಯಾಫ್ನಿಗಳು ಅಳಿಯನದೂ ಸೇರಿ ಇಡೀ ಮನೆಯ ತೋಟಾಗಳನ್ನು ಒಂದೇ ತಗಡಿನ ಪೆಟ್ಟಿಗೆಯಲ್ಲಿ ಇಟ್ಟು, ಬೇಟೆಯ ಬೆಳಗ್ಗೆ ಹಿರಿಯನ ಕೈಯಿಂದ ಹಂಚಿಸಿಕೊಳ್ಳುವವರು. ಹಿಂದಿನ ಕಾಲದಲ್ಲಿ ಒಬ್ಬೊಬ್ಬರ ತೋಟಾ ಒಂದೊಂದು ಉದ್ದ. ಕ್ಲೆಮ್ ಕಣ್ಣು ಮುಚ್ಚಿ ಮುಟ್ಟಿಯೇ ಹಂಚುತ್ತಿದ್ದ. ಅದೇ ಅಭ್ಯಾಸ. ಜುಲೈ ನಮ್ಮಲ್ಲಿ ನಡುಚಳಿಗಾಲ, ಮರಗಟ್ಟಿದ ಬೆರಳು. ಸಾಂಡ್ರೊಗೆಂದು ಇದ್ದ ಒಂದು ತೋಟಾವನ್ನು ತನ್ನ ಜೇಬಿಗೆ ಹಾಕಿಕೊಂಡ. ಪಬ್ಬಿನಲ್ಲಿ ಗುಣದೋಷ ತೂಗಿದವರು ಯಾರೂ ಈ ದೋಷ ಹೇಳಿರಲಿಲ್ಲ. ಹಳೆಯ ಉದ್ದ ಕೋವಿಯಾಗಿದ್ದರೆ ತಪ್ಪು ತೋಟಾ ಕೈಗೆ ಗೊತ್ತಾಗುತ್ತಿತ್ತು.

"ಇನ್ನೊಂದು," ಅಂದರು ಮೇಡಂ. "ಕ್ಲೆಮ್ ಕೂತಿದ್ದ ಕಡೆ ಖಾಲಿ ತೋಟಾ ನಿಮಗೆ ಸಿಗಲಿಲ್ಲ. ಮುದುಕ ಮಗನ ಪಕ್ಕದಿಂದ ಏಳಲೇ ಇಲ್ಲ. ಹಾಗಾದ್ರೆ ಅಲ್ಲಿಗೆ ಹೋಗಿ ಅವನ ರೇಡಿಯೋ ತಂದವರು ಯಾರು?"

ಕೋಣೆಗೆ ಹೋಗಿ ಅದನ್ನೇ ಸಾಂಡ್ರೊನನ್ನು ಕೇಳಿದರು.

"ನಾನೇ ಹೋಗಿದ್ದೆ. ಆ ಖಾಲಿ ತೋಟಾನ ಹಳ್ಳಕ್ಕೆ ಎಸೆದೆ," ಅಂದ. "ಹುಲ್ಲಲ್ಲಿ ಬಿದ್ದಿತ್ತು. ಹಿಂದೆ ನನ್ನ ತೋಟಾದ ನಂಬರು, ಬಾಯಿ ಮಾತ್ರ ಹಿಗ್ಗಿ ಸೀಳಿತ್ತು. ನೋಡಿದ ತಕ್ಷಣ ಗೊತ್ತಾಯ್ತು. ನಾನು ಹೊಡೆದದ್ದು ಕಡವೆಗೆ, ತಪ್ಪಿತ್ತು. ಮೇಡಂ, ನಾನು ಒಪ್ಕೊಂಡಿದೀನಲ್ಲ? ಹಾಗೇ ಬಿಟ್ಬಿಡಿ. ಆ ಮುದುಕನಿಗೆ ಹೇಳಬೇಡಿ. ಕೈ ಮುಗೀತೀನಿ."

"ಆಗಲ್ಲಪ್ಪ," ಅಂದರು ಮೇಡಂ. "ಸುಳ್ಳಿನ ಮೇಲೆ ನಿನ್ನನ್ನ ಜೈಲಿಗೆ ಕಳಿಸೋಕೆ ನನ್ನಿಂದಾಗಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರೆ. ಇಲ್ಲಿ ಎಮ್ಮೆ ತಾನೇ ಬಂದು ಬೆನ್ನೊಡ್ಡಿತ್ತು. ಇಂಥವನನ್ನು ಎರಡು ದಿನ ಕೊಲೆಗಾರ ಅಂತ ಕರೆದಿದ್ದೆನಲ್ಲ, ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸಿತು.

ಕ್ಲೆಮ್ ಆ ಸಂಜೆ ತಾನಾಗಿಯೇ ಬಂದ. ಕೇಸು ಯಾವಾಗ ಹಾಕುತ್ತೀರಿ ಅಂತ ಕೇಳಲು ಬಂದಿದ್ದ. ಮೇಡಂ ಕುರ್ಚಿ ಕೊಟ್ಟರು, ಬಾಗಿಲು ಮುಚ್ಚಿದರು. ಗುಂಡು ತೋರಿಸಿದರು, ನಳಿಗೆಯ ವಿಷಯ ಹೇಳಿದರು, ತಗಡಿನ ಪೆಟ್ಟಿಗೆಯ ವಿಷಯ ಹೇಳಿದರು. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಕೊನೆಗೆ, "ಡೆಕ್ಲನ್‌ಗೆ ತಗುಲಿದ್ದು ನಿಮ್ಮ ಈಡು ಕ್ಲೆಮ್. ನೀವು ಬೇಕಂತ ಮಾಡಿದ್ದಲ್ಲ. ಕಣ್ಣಿಗೆ ಕಂಡದ್ದಕ್ಕೇ ಗುರಿ ಇಟ್ಟಿದ್ರಿ, ಗುಂಡು ನಿಮ್ಮ ಮಾತು ಕೇಳಲಿಲ್ಲ," ಅಂದರು.

ಮುದುಕ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡಿದ. "ಒದೀಲಿಲ್ಲ," ಅಂದ. "ಕೋವಿ ಒದೀಲಿಲ್ಲ ಅಂತ ನಾನೇ ಹೇಳಿದೆ, ಅಲ್ವಾ?"

"ಹೌದು."

"ಸಾಂಡ್ರೊಗೆ ಗೊತ್ತಿತ್ತಾ?"

ಮೇಡಂ ಹೌದು ಅಂತ ತಲೆಯಾಡಿಸಿದರು.

ಕ್ಲೆಮ್ ಎದ್ದ. ಗೋಡೆ ಹಿಡಿದುಕೊಂಡು ಒಳಕೋಣೆಯ ತನಕ ನಡೆದ. ನಾನು ತೋಳು ಹಿಡಿಯಲು ಹೋದೆ, ತಳ್ಳಿದ. ಕಂಬಿಯಾಚೆ ಸಾಂಡ್ರೊ ಎದ್ದು ನಿಂತ.

"ಊರೆಲ್ಲ ನಿನ್ನ ಮೇಲೆ ಉಗೀತಿತ್ತಲ್ಲೋ," ಅಂದ ಕ್ಲೆಮ್. "ನಾನೂ ಉಗಿದೆ, ಇದೇ ಜಾಗದಲ್ಲಿ. ಯಾಕೋ ಹೇಳಲಿಲ್ಲ ನಂಗೆ?"

ಸಾಂಡ್ರೊ ಹತ್ತಿರ ಬಂದ.

"ನಿಮಗೆ ಬೈಯೋಕೆ ಯಾರಾದ್ರೂ ಬೇಕಿತ್ತು ಮಾವ," ಅಂದ. "ನಾನಿದ್ನಲ್ಲ."

ಬಾಗಿಲು ತೆಗೆ ಅಂತ ಮೇಡಂ ನನಗೆ ಸನ್ನೆ ಮಾಡಿದರು. ತೆಗೆದೆ. ಡೆಕ್ಲನ್ ಸತ್ತ ಮೇಲೆ ಒಂದು ಹನಿ ಕಣ್ಣೀರು ಹಾಕದಿದ್ದ ಮುದುಕ, ಅಳಿಯನ ಎದೆಗೆ ತಲೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತ.